ಹಕ್ಕಿಯೂ ಮಸೂರವೂ

ಮುಧೋಳದ ಬದಿಯಿಂದ ಹರಿದುಬರುವ ಘಟಪ್ರಭೆಯು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ಪ್ರದೇಶವನ್ನೆಲ್ಲ ವ್ಯಾಪಿಸಿದೆ. ಒಂದು ಕಾಲಕ್ಕೆ ಜೋಳ, ಕಡಲೆಗಳನ್ನು ಬೆಳೆಯುತ್ತಿದ್ದ ಎರೆಭೂಮಿ ನೀರಿನಲ್ಲಿ ಮುಳುಗಿತು. ಎಷ್ಟೋ ಕುಟುಂಬಗಳು ಹೊಲಮನೆಗಳನ್ನು ತೊರೆದು ಬೇರೆ ನೆಲೆಗೆ ಹೋದವು. ಹಾಗೆ ಬಿಟ್ಟುಹೋದ ನೆಲಕ್ಕೆ ಈಗ ಬೇರೆ ಅತಿಥಿಗಳು ಬರುತ್ತಾರೆ. ಚಳಿಗಾಲ ಕಳೆದು ನೀರು ಇಳಿಯತೊಡಗಿದಾಗ ದಂಡೆಯ ಕೆಸರು ತೆರೆದುಕೊಳ್ಳುತ್ತದೆ. ಆ ತೆಳುನೀರಿನಲ್ಲಿ ರಾಜಹಂಸಗಳು ಕೊಕ್ಕನ್ನು ತಲೆಕೆಳಗಾಗಿ ಅದ್ದಿ, ನೀರನ್ನು ಸೋಸಿ ಆಹಾರವನ್ನು ಹೆಕ್ಕುತ್ತವೆ. ಟಿಬೆಟ್, ಮಂಗೋಲಿಯಾಗಳ ಸರೋವರಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ನಮ್ಮ ನಾಡಿನ ಕೆರೆಗಳಿಗೂ ಜಲಾಶಯಗಳಿಗೂ ಬಂದಿಳಿಯುತ್ತವೆ. ಅವು ಸುಮಾರು 7,000 ಮೀಟರ್ ಎತ್ತರದಲ್ಲಿ ಹಾರಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ಇಂತಹ ಹಕ್ಕಿಯನ್ನು ಕಂಡಾಗ ಅದರ ಚಿತ್ರ ತೆಗೆಯಬೇಕೆಂಬ ಆಸೆ ಯಾರಿಗಾದರೂ ಹುಟ್ಟುತ್ತದೆ. ಆದರೆ ಸಾಮಾನ್ಯ ಕ್ಯಾಮೆರಾದಿಂದ ತೆಗೆದ ಚಿತ್ರದಲ್ಲಿ ನೀರು ಕಾಣುತ್ತದೆ, ಆಕಾಶ ಕಾಣುತ್ತದೆ. ಹಕ್ಕಿ ಮಾತ್ರ ಕಾಣುವುದಿಲ್ಲ. ಏಕೆ? ಲೆಕ್ಕ ಸುಲಭವಾಗಿದೆ. ಹೆಬ್ಬಾತಿನ ಉದ್ದ ಸುಮಾರು 75 ಸೆಂಟಿಮೀಟರ್. ಅದು 60 ಮೀಟರ್ ದೂರದಲ್ಲಿ ನಮಗೆ ಅಡ್ಡಲಾಗಿ ನಿಂತಿದೆಯೆಂದುಕೊಳ್ಳಿ. ಸಂಗಮದೂರವು 50 ಮಿಲಿಮೀಟರ್ ಇರುವ ಮಸೂರವು ಮೂಡಿಸುವ ಅದರ ಬಿಂಬ ಕೇವಲ 0.6 ಮಿಲಿಮೀಟರ್, ಗಸಗಸೆಯ ಕಾಳಿಗಿಂತ ದೊಡ್ಡದಲ್ಲ. ಸಂಗಮದೂರವನ್ನು 500 ಮಿಲಿಮೀಟರಿಗೆ ಹೆಚ್ಚಿಸಿದರೆ ಅದೇ ಬಿಂಬ ಹತ್ತು ಪಟ್ಟು ಬೆಳೆದು 6 ಮಿಲಿಮೀಟರ್ ಆಗುತ್ತದೆ. ಆಗ ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳೂ ಕಾಣುತ್ತವೆ. ಇಷ್ಟು ದೀರ್ಘ ಸಂಗಮದೂರಕ್ಕೆ ಉದ್ದವಾದ ಕೊಳವೆಯೇ ಬೇಕಾಗುತ್ತಿತ್ತು. ಮುಂದೆ ಬೆಳಕನ್ನು ಕೂಡಿಸುವ ಮಸೂರಗಳನ್ನೂ ಹಿಂದೆ ಅದನ್ನು ತುಸು ಹರಡಿಸುವ ಮಸೂರಗಳನ್ನೂ ಜೋಡಿಸಿ ಕೊಳವೆಯನ್ನು ಗಿಡ್ಡಗೊಳಿಸಿರುವುದೇ ಟೆಲಿಫೋಟೊ ಮಸೂರದ ಜಾಣ್ಮೆ.

ಆದರೆ ಈ ಮಸೂರ ಹಕ್ಕಿಯನ್ನಷ್ಟೇ ಹಿಗ್ಗಿಸುವುದಿಲ್ಲ, ಕೈನಡುಕವನ್ನೂ ಹಿಗ್ಗಿಸುತ್ತದೆ. ಆದುದರಿಂದ ಮೂರು ಕಾಲಿನ ಸ್ಟ್ಯಾಂಡು ಬೇಕು; ಕೈಯಲ್ಲಿ ಹಿಡಿದರೆ ಸೆಕೆಂಡಿನ 500ನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಬೆಳಕು ಬೀಳಗೊಡಬಾರದೆಂಬುದು ರೂಢಿಯ ನಿಯಮ. ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕುಂಟು. ಬಿಸಿಲೇರಿತೆಂದರೆ ಎರೆನೆಲ ಕಾಯ್ದು, ಅದರ ಮೇಲಿನ ಗಾಳಿ ನೀರಿನಂತೆ ಅಲುಗುತ್ತದೆ. ಆ ಗಾಳಿಯ ಮೂಲಕ ತೆಗೆದ ಹಕ್ಕಿಯ ಚಿತ್ರ ಕದಡಿಹೋಗುತ್ತದೆ. ಇದಕ್ಕೆ ಬೆಲೆಬಾಳುವ ಮಸೂರವೂ ಮದ್ದಲ್ಲ. ಸೂರ್ಯೋದಯಕ್ಕೆ ಮೊದಲೇ ಹೋಗಿ ಕೂತಿರುವುದೇ ಮದ್ದು.

ಇಂತಹ ಮಸೂರಗಳು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಹಕ್ಕಿಯ ಹತ್ತಿರಕ್ಕೇ ಹೋಗಬೇಕಿತ್ತು. 1892ರಲ್ಲಿ ಮೊಟ್ಟೆಗಳಿದ್ದ ಗೂಡಿನ ಚಿತ್ರ ತೆಗೆದ ಇಂಗ್ಲೆಂಡಿನ ಕೀರ್ಟನ್ ಸಹೋದರರು ಮುಂದೆ ಪೊಳ್ಳಾದ ಎತ್ತಿನ ಬೊಂಬೆಯೊಳಗೆ ಅಡಗಿ ಕುಳಿತು ಹಕ್ಕಿಗಳ ಚಿತ್ರ ತೆಗೆದರು. 1937ರಲ್ಲಿ ಎರಿಕ್ ಹಾಸ್ಕಿಂಗ್ ಎಂಬ ಛಾಯಾಗ್ರಾಹಕರು ಗೂಬೆಯ ಗೂಡಿನ ಬಳಿ ಅದರ ಉಗುರಿಗೆ ಸಿಕ್ಕಿ ಒಂದು ಕಣ್ಣನ್ನೇ ಕಳೆದುಕೊಂಡರು. ಗೂಬೆಯನ್ನು ದೂರುವಂತಿಲ್ಲ, ಅದು ತನ್ನ ಮರಿಗಳನ್ನು ಕಾಯುತ್ತಿತ್ತು. ಕರ್ನಾಟಕದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಹೆಸರು ಗಳಿಸಿದುದು ಫಿಲ್ಮಿನ ಕಾಲದಲ್ಲಿ. ಒಂದು ಸುರುಳಿಗೆ 36 ಚಿತ್ರಗಳು ಮಾತ್ರ. ಗುಂಡಿ ಒತ್ತುವ ಮುನ್ನ ಬಹಳ ಹೊತ್ತು ನೋಡುವುದು ಆಗ ಅನಿವಾರ್ಯವಾಗಿತ್ತು.

ಈಗ ಕ್ಷಣಮಾತ್ರದಲ್ಲಿ ಹತ್ತಾರು ಚಿತ್ರಗಳನ್ನು ತೆಗೆಯಬಹುದು. ವಿಚಿತ್ರವೆಂದರೆ, ದೂರದಲ್ಲಿ ನಿಲ್ಲಲೆಂದೇ ಇರುವ ಮಸೂರವನ್ನು ಹಿಡಿದವರೂ ಇನ್ನಷ್ಟು ಹತ್ತಿರಕ್ಕೆ ನುಗ್ಗುತ್ತಾರೆ. ಹಾರುವ ಹಿಂಡಿನ ಚಿತ್ರಕ್ಕಾಗಿ ಕೂಗಿ, ಚಪ್ಪಾಳೆ ತಟ್ಟಿ ಹಕ್ಕಿಗಳನ್ನು ಎಬ್ಬಿಸುವವರುಂಟು. ನೋಡುವವರಿಗೆ ಅದು ಸೊಗಸಾದ ನೋಟ. ಹಕ್ಕಿಗಾದರೋ ಮೇಯುವ ಹೊತ್ತು ಹೋಯಿತು, ಹಿಂದಿರುಗುವ ಪಯಣಕ್ಕೆಂದು ಮೈಯಲ್ಲಿ ಕೂಡಿಸುತ್ತಿದ್ದ ಕೊಬ್ಬೂ ಕರಗಿತು. ಗೂಡಿನಿಂದ ತಾಯಿಯನ್ನು ಎಬ್ಬಿಸಿದರಂತೂ ನಮ್ಮ ಬಿಸಿಲಿನಲ್ಲಿ ಮೊಟ್ಟೆ ಉಳಿಯುವುದು ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಕ್ಕಿಗಳ ಮೊಟ್ಟೆಯನ್ನೋ ಗೂಡನ್ನೋ ಕದಡುವುದನ್ನು ಬೇಟೆಯೆಂಬ ಪದದ ಅರ್ಥದೊಳಗೇ ಸೇರಿಸಿದೆ. ಬಂದೂಕು ಹಿಡಿದವನು ಮಾತ್ರವೇ ಬೇಟೆಗಾರನಲ್ಲವೆಂದು ಕಾನೂನು ಅಂದೇ ಕಂಡುಕೊಂಡಿತ್ತು.

ಹಕ್ಕಿಯು ತನ್ನ ಅಸಮಾಧಾನವನ್ನು ಹಾರುವ ಮೊದಲೇ ತಿಳಿಸುತ್ತದೆ. ಮೇಯುತ್ತಿದ್ದ ಹೆಬ್ಬಾತು ತಲೆಯೆತ್ತಿ ಕೊರಳನ್ನು ನೆಟ್ಟಗೆ ನಿಲ್ಲಿಸುತ್ತದೆ. ಒಂದನ್ನು ನೋಡಿ ಇನ್ನೊಂದು, ಮತ್ತೊಂದು. ಅಲ್ಲಿಗೇ ನಿಂತು ನೆಲಕ್ಕೆ ಕುಳಿತುಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಕೊರಳುಗಳು ಒಂದೊಂದಾಗಿ ಬಾಗಿದರೆ ಅಷ್ಟು ದೂರ ಅವುಗಳಿಗೆ ಒಪ್ಪಿಗೆಯೆಂದು ತಿಳಿಯಬಹುದು. ಬಾಗದಿದ್ದರೆ ಹಿಂದೆ ಸರಿಯಬೇಕು.

ಹೀಗೆ ದೂರದಿಂದ ತೆಗೆದ ಚಿತ್ರದ ಪ್ರಯೋಜನ ಗೋಡೆಯ ಅಲಂಕಾರಕ್ಕಷ್ಟೇ ಸೀಮಿತವಲ್ಲ. ಮಂಗೋಲಿಯಾದ ಸಂಶೋಧಕರು ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ, ಅಂಕಿಗಳಿರುವ ಪಟ್ಟಿಯನ್ನು ತೊಡಿಸಿ ಬಿಟ್ಟಿದ್ದರು. ಅಂತಹ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿಯೂ ಕಾಣಿಸಿಕೊಂಡಿವೆ. ಅವನ್ನು ಮತ್ತೆ ಹಿಡಿಯಬೇಕಾದುದಿಲ್ಲ. ದಂಡೆಯ ಮೇಲೆ ಕುಳಿತವನ ಚಿತ್ರದಲ್ಲಿ ಆ ಅಕ್ಷರಗಳು ಸ್ಪಷ್ಟವಾಗಿ ಮೂಡಿದರೆ ಸಾಕು. ಸಾವಿರಾರು ಕಿಲೋಮೀಟರ್ ದೂರದ ಆ ಸರೋವರದಿಂದ ಹೊರಟ ಹಕ್ಕಿ ಇದೇ ಎಂದು ಹೇಳಬಹುದು.