ಅತ್ತೆಯ ಕಣ್ಣಿಗೆ ಕಾಣುವ ಕೌದಿ

ಬಾಗಲಕೋಟೆ ಕಡೆಯ ನಮ್ಮ ಸೋದರತ್ತೆ ಚೆನ್ನೈಗೆ ಬಂದು ಮಗನ ಮನೆಯಲ್ಲಿ ನೆಲೆಸಿದಾಗ, ಅವರಿಗೆಂದು ಸೀರೆ ತುಂಡುಗಳ ಚೌಕ ಜೋಡಿಸಿ ಒಂದು ಕೌದಿ ಹೊಲಿದೆ. ಕಪಾಟಿನಲ್ಲಿದ್ದ ಚಂದದ ಸೀರೆಗಳನ್ನೇ ಆರಿಸಿದ್ದೆ: ಕಡುನೀಲಿ, ಬಾಟಲಿ ಹಸಿರು, ಬದನೆಕಾಯಿ ಬಣ್ಣ, ದಾಳಿಂಬೆ ಕೆಂಪು. ಅತ್ತೆ ಮೇಲೆಲ್ಲ ಕೈಯಾಡಿಸಿ, "ಹೊಲಿಗಿ ಭಾಳ ಚಂದ ಐತಿ ಯವ್ವಾ. ಆದ್ರ ಚೌಕ ಎಲ್ಲದಾವ? ಎಲ್ಲಾ ಒಂದ ಕರ್ರಗ ಕಾಣ್ತೈತಿ" ಅಂದರು. ಅವರ ಕಣ್ಣಿನ ಪೊರೆ ಇನ್ನೂ ತೆಗೆಸಿರಲಿಲ್ಲ.

ನಾಲ್ಕು ಬಣ್ಣ ಬೇರೆ ಬೇರೆಯೇ, ನಿಜ. ಆದರೆ ನಾಲ್ಕೂ ಅಷ್ಟೇ ಗಾಢ. ಎದ್ದು ಕಾಣಬೇಕಾದರೆ ಬಣ್ಣ ಬೇರೆಯಾದರೆ ಸಾಲದು, ತಿಳಿ-ಗಾಢದ ಅಂತರ ಬೇಕು ಎಂಬುದನ್ನು ನಾನು ಕಲಿತದ್ದು ಹೀಗೆ, ಒಂದು ಕೌದಿ ಹಾಳುಮಾಡಿಕೊಂಡು. ಎರಡನೆಯದನ್ನು ಹೊಲಿಯುವಾಗ ಅನುಸರಿಸಿದ ಕ್ರಮ ಇಲ್ಲಿದೆ.

1. ಹೊದೆಯುವವರನ್ನು ಮೊದಲು ನೋಡಿ

ಬಟ್ಟೆ ಹುಡುಕುವ ಮುನ್ನ ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಅವರ ವಯಸ್ಸು ಮತ್ತು ಕಣ್ಣು, ಮಲಗುವ ಕೋಣೆಯ ಸೆಕೆ, ಹಾಸಿಗೆಯ ಮೇಲಿನ ಬೆಡ್‌ಶೀಟ್ ಬಣ್ಣ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಆಗ ಕಡುನೀಲಿ-ಕಪ್ಪು, ನೀಲಿ-ಹಸಿರುಗಳ ವ್ಯತ್ಯಾಸ ಹಿಡಿಯುವುದು ಕಷ್ಟ. ತೀರಾ ಮಾಸಲು ಬಣ್ಣಗಳೂ ಒಂದರೊಳಗೊಂದು ಕರಗಿಬಿಡುತ್ತವೆ. ಇನ್ನು ಚೆನ್ನೈಯಲ್ಲಿ ಜನವರಿಯ ರಾತ್ರಿಯೂ ಸರಾಸರಿ 21 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಊರಿನ ಹಾಗೆ ಐದಾರು ಪದರದ ಕೌದಿ ಇಲ್ಲಿ ಮಂಚದ ಕೆಳಗೆ ಸೇರುತ್ತದೆ. ಫ್ಯಾನಿನ ಗಾಳಿಗೂ ಎ.ಸಿ.ಗೂ ಮೂರು ಪದರ ಸಾಕು.

2. ಅಳತೆಯ ಲೆಕ್ಕ

ಒಬ್ಬರ ಮಂಚಕ್ಕೆ 60 ಅಂಗುಲ ಅಗಲ, 90 ಅಂಗುಲ ಉದ್ದ ಸರಿಯಾದ ಅಳತೆ. ಹೊಲಿಗೆಗೆ ಸುತ್ತಲೂ ಅರ್ಧ ಅಂಗುಲ ಬಿಟ್ಟು 7 ಅಂಗುಲದ ಚೌಕ ಕತ್ತರಿಸಿದರೆ ಹೊಲಿದ ಮೇಲೆ 6 ಅಂಗುಲ ಉಳಿಯುತ್ತದೆ. ಅಡ್ಡಕ್ಕೆ 10, ಉದ್ದಕ್ಕೆ 15, ಒಟ್ಟು 150 ಚೌಕ. 45 ಅಂಗುಲ ಪನ್ನದ ಬಟ್ಟೆ ಒಂದು ಮೀಟರ್ ಇದ್ದರೆ 30 ಚೌಕ ಸಿಗುತ್ತವೆ. ಐದಾರು ಬಗೆಯ ಬಟ್ಟೆಯಿಂದ ಒಂದೊಂದು ಮೀಟರ್ ಸಾಕು.

ಅಡಿಯ ಪದರಕ್ಕೆ ಐದೂವರೆ ಮೀಟರಿನ ಒಂದೇ ಸೀರೆ ಸಾಕಾಗುತ್ತದೆ. ಅದನ್ನು ನಡುವೆ ತುಂಡರಿಸಿ, ಎರಡು ತುಂಡುಗಳನ್ನು ಉದ್ದಕ್ಕೆ ಜೋಡಿಸಿ, 64×94 ಅಂಗುಲಕ್ಕೆ ಕತ್ತರಿಸಿ. ಸುತ್ತಲೂ ಹೆಚ್ಚಾಗಿ ಉಳಿಯುವ 2 ಅಂಗುಲ ಆಮೇಲೆ ಬೇಕಾಗುತ್ತದೆ.

3. ಬಟ್ಟೆ ಒಟ್ಟುಮಾಡಿ

ಮೊದಲು ಮನೆಯ ಕಪಾಟು, ಆಮೇಲೆ ಅಂಗಡಿ. ಹಳೆಯ ಹತ್ತಿ ಸೀರೆಯ ಮೃದುತ್ವ ಯಾವ ಹೊಸ ಬಟ್ಟೆಗೂ ಬಾರದು. ಇಳಕಲ್ ಸೀರೆಯಾದರೆ ಒಡಲು ಮಾತ್ರ ತೆಗೆದುಕೊಳ್ಳಿ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು, ಒಟ್ಟಿಗೆ ಒಗೆದರೆ ಎರಡೂ ಒಂದೇ ರೀತಿ ಇರುವುದಿಲ್ಲ. ಜರಿ ಮೈಗೆ ಚುಚ್ಚುತ್ತದೆ, ಕತ್ತರಿಸಿ ಪಕ್ಕಕ್ಕಿಡಿ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹಿಮ್ಮಡಿ ತಾಗುವ ಕೆಳಅಂಚು ಮೊದಲು ಜಾಳಾಗಿರುತ್ತದೆ, ಒಳಗೆ ಸಿಕ್ಕಿಸುವ ತುದಿ ಗಟ್ಟಿಯಾಗಿರುತ್ತದೆ. ಎರಡೂ ಕೈಯಿಂದ ಜಗ್ಗಿದಾಗ ಎಳೆ ಸರಿದರೆ ಆ ಭಾಗ ಬೇಡ.

ಕೊರತೆ ಬಿದ್ದ ಬಣ್ಣಕ್ಕಷ್ಟೇ ಅಂಗಡಿಗೆ ಹೋಗಿ. ಎಗ್ಮೋರಿನ ಪ್ಯಾಂಥಿಯನ್ ರಸ್ತೆಯ 'ಕಾಟನ್ ಸ್ಟ್ರೀಟ್' ಅಂಗಡಿಗಳಲ್ಲಿ ಹತ್ತಿ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಜಾರ್ಜ್‌ಟೌನಿನ ಗೋಡೌನ್ ಸ್ಟ್ರೀಟ್ ಸಗಟು ಪೇಟೆ, ನಾಲ್ಕು ಮನೆಯವರು ಸೇರಿ ಕೊಳ್ಳುವುದಾದರೆ ಅಲ್ಲಿಗೆ ಹೋಗಬಹುದು. ಬಡಾವಣೆಯ ಟೈಲರ್ ಬಳಿ ಕಟ್‌ಪೀಸ್ ಕೇಳಲು ಸಂಕೋಚ ಬೇಡ. ಬಣ್ಣವನ್ನು ಅಂಗಡಿಯ ದೀಪದಡಿ ತೀರ್ಮಾನಿಸಬೇಡಿ, ಬಾಗಿಲಾಚೆ ಬಿಸಿಲಿಗೆ ತಂದು ನೋಡಿ.

ಹತ್ತಿಯೋ ಪಾಲಿಯೆಸ್ಟರೋ ಎಂಬ ಅನುಮಾನವಿದ್ದರೆ ನಾಲ್ಕು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಚೆನ್ನೈಯ ಬೆವರಿಗೆ ಅದು ಒಗ್ಗದು.

4. ಮೂರು ಗುಡ್ಡೆ ಮಾಡಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಎಲ್ಲ ಬಟ್ಟೆಗಳಿಂದ ಒಂದೊಂದು ತುಂಡು ನೆಲದ ಮೇಲೆ ಸಾಲಾಗಿಟ್ಟು, ಮೊಬೈಲಿನಲ್ಲಿ ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪಿಗೆ ಬದಲಿಸಿ. ನಾನು ಹಾಗೆ ಮಾಡಿದಾಗ ನನ್ನ ಮೊದಲ ಕೌದಿಯ ದಾಳಿಂಬೆ ಕೆಂಪೂ ಬಾಟಲಿ ಹಸಿರೂ ಒಂದೇ ಬೂದಿ ಬಣ್ಣದಲ್ಲಿ ಒಂದಾಗಿದ್ದವು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ನನಗೇ ತಿಳಿಯಲಿಲ್ಲ. ಅತ್ತೆ ಕಂಡದ್ದು ಅದನ್ನೇ.

ಫೋಟೊ ನೋಡಿಕೊಂಡು ತಿಳಿ, ನಡು, ಗಾಢ ಎಂದು ಮೂರು ಗುಡ್ಡೆ ಮಾಡಿ. ಆಮೇಲೆ ಬಾಗಿಲ ಬಳಿ ನಿಂತು ಕಣ್ಣು ಅರೆಮುಚ್ಚಿ ನೋಡಿ. ಸಣ್ಣ ಹೂವಿನ ಅಚ್ಚು, ಸಣ್ಣ ಚೌಕಳಿ ದೂರಕ್ಕೆ ಒಂದೇ ಬಣ್ಣವಾಗಿ ಕಾಣುತ್ತವೆ. ಹತ್ತಿರದಿಂದ ತಿಳಿ ಎನಿಸಿದ ಚೌಕಳಿ ದೂರದಿಂದ ನಡು ಗುಡ್ಡೆಗೆ ಸೇರಬಹುದು. ದೂರದ ತೀರ್ಪನ್ನೇ ನಂಬಿ.

150 ಚೌಕಗಳಲ್ಲಿ 60 ತಿಳಿ, 60 ಗಾಢ, 30 ನಡು ಎಂದು ಹಂಚಿಕೊಳ್ಳಿ. ಅತ್ತೆಗೆ ನಾನು ಮಾಡಿದ ಜೋಡಿಗಳು: ಕೆನೆ ಬಣ್ಣದ ಪಕ್ಕ ದಾಳಿಂಬೆ ಕೆಂಪು, ನಿಂಬೆ ಹಳದಿಯ ಪಕ್ಕ ಕಡುನೀಲಿ. ಅಡಿಯ ಸೀರೆಗೆ ಗಾಢ ಬಣ್ಣವನ್ನೇ ಆರಿಸಿ, ಉಳಿಸಿದ 2 ಅಂಗುಲವನ್ನು ಮೇಲಕ್ಕೆ ಮಡಚಿ ಹೊಲಿದರೆ ಸುತ್ತಲೂ ಒಂದೂವರೆ ಅಂಗುಲದ ಗಾಢ ಅಂಚು ಬರುತ್ತದೆ. ತಿಳಿ ಬೆಡ್‌ಶೀಟಿನ ಮೇಲೆ ಆ ಅಂಚು ಥಟ್ಟನೆ ಕಾಣುತ್ತದೆ. ರಾತ್ರಿ ಎದ್ದವರಿಗೆ ಕೌದಿ ಕಾಲಿಗೆ ತೊಡರುವ ಭಯ ಕಡಿಮೆ.

5. ಬಣ್ಣ ಬಿಡುತ್ತದೆಯೇ ಪರೀಕ್ಷಿಸಿ

ತಿಳಿಯ ಪಕ್ಕ ಗಾಢ ಇಟ್ಟ ಮೇಲೆ ಈ ಪರೀಕ್ಷೆ ಬಿಡುವಂತೆಯೇ ಇಲ್ಲ. ಇದರ ಪಾಠ ಚೆನ್ನೈಯ ಹಳೆಯ ಹೆಸರು ಹೊತ್ತ ಬಟ್ಟೆಯಲ್ಲೇ ಇದೆ. ಮದ್ರಾಸ್ ಚೌಕಳಿಯ ಬಣ್ಣ ಒಗೆದಂತೆಲ್ಲ ಬಿಡುತ್ತಿತ್ತು. ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ ಜವಳಿ ರಫ್ತುದಾರ ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್ 1958ರಲ್ಲಿ ಆ ಬಟ್ಟೆಯನ್ನು ಅಮೆರಿಕದ ಆಮದುದಾರರಿಗೆ ಮಾರಿದರು. ಅದು ಬ್ರೂಕ್ಸ್ ಬ್ರದರ್ಸ್ ಮಳಿಗೆ ಸೇರಿತು. ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಬೇಕೆಂಬ ಎಚ್ಚರಿಕೆ ಮಾತ್ರ ಗಿರಾಕಿಗಳನ್ನು ತಲುಪಲಿಲ್ಲ. ಮಷೀನಿಗೆ ಹಾಕಿದ ಬಟ್ಟೆ ಬಣ್ಣ ಕಲಸಿಕೊಂಡು ಹೊರಬಂತು, ದೂರುಗಳ ಸುರಿಮಳೆಯಾಯಿತು. ಕೊನೆಗೆ 'ಬಣ್ಣ ಬಿಡುವುದು ಖಾತ್ರಿ' ಎಂದೇ ಜಾಹೀರಾತು ಕೊಟ್ಟು ದೋಷವನ್ನು ಗುಣವಾಗಿ ಮಾರಿದರು. ನಮ್ಮ ಕೌದಿಗೆ ಅಂಥ ಜಾಹೀರಾತುದಾರರು ಸಿಗುವುದಿಲ್ಲ!

ಪ್ರತಿ ಗಾಢ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ, ಬಿಳಿ ಕರವಸ್ತ್ರದ ನಡುವೆ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿ. ಕಲೆ ಬಿದ್ದರೆ ಆ ಬಟ್ಟೆಯನ್ನು ಬೇರೆಯಾಗಿ, ನೀರು ತಿಳಿಯಾಗುವ ತನಕ ಒಗೆಯಿರಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ಮಾತನ್ನು ನೆಚ್ಚಬೇಡಿ. ನಾಲ್ಕೈದು ಸಲ ಒಗೆದರೂ ಬಣ್ಣ ಬಿಡುವ ಬಟ್ಟೆಯನ್ನು ಕೈಬಿಡಿ. ಹೊಸ ಬಟ್ಟೆಯನ್ನಂತೂ ಒಗೆದು ಒಣಗಿಸಿಯೇ ಕತ್ತರಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗಿ ಪಕ್ಕದ ಹಳೆಯ ಬಟ್ಟೆಯನ್ನು ಜಗ್ಗುತ್ತದೆ.

6. ಹರಡಿ, ಒಂದು ರಾತ್ರಿ ಬಿಡಿ

ಚೌಕಗಳನ್ನೆಲ್ಲ ನೆಲದ ಮೇಲೆ ಹರಡಿ. ತಿಳಿಯ ಪಕ್ಕ ಗಾಢ, ಅಲ್ಲಲ್ಲಿ ನಡು. ಮತ್ತೊಮ್ಮೆ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಎಲ್ಲಾದರೂ ಗಾಢವೆಲ್ಲ ಗುಂಪುಗೂಡಿದ್ದರೆ ಫೋಟೊದಲ್ಲಿ ಕಪ್ಪು ಮಚ್ಚೆಯಂತೆ ಕಾಣುತ್ತದೆ. ಮರುದಿನ ಬೆಳಗಿನ ಬೆಳಕಿನಲ್ಲಿ ನೋಡಿ, ಸರಿಯೆನಿಸಿದರೆ ಮಾತ್ರ ಸೂಜಿ ಹಿಡಿಯಿರಿ.

7. ಹೊಲಿಗೆ

ಚೌಕಗಳನ್ನು ಮಷೀನಿನಲ್ಲಿ ಜೋಡಿಸಿಕೊಂಡು, ನಡುವಿನ ಪದರವಾಗಿ ಹಳೆಯ ಬಿಳಿ ಬೆಡ್‌ಶೀಟ್ ಇಡಿ. ಬಿಳಿಯೇ ಏಕೆಂದರೆ ಅಡಿಯ ಗಾಢ ಸೀರೆ ತಿಳಿ ಚೌಕಗಳ ಮೂಲಕ ಇಣುಕುವುದಿಲ್ಲ. ಮೂರೂ ಪದರ ಸೇರಿಸಿ ಕೈಯಿಂದ ದಾರ ಓಡಿಸಿ, ಸಾಲಿಗೂ ಸಾಲಿಗೂ ಒಂದು ಅಂಗುಲ ಇರಲಿ. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಮಹಿಳೆಯರು ಕೌದಿಯನ್ನು ಒಂದು ಮೂಲೆಯಿಂದ ಶುರುಮಾಡಿ ಅಂಚಿನಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಡುತ್ತಾರೆ. ದಪ್ಪ ಬಿಳಿ ದಾರ ಬಳಸಿದರೆ ಗಾಢ ಚೌಕಗಳ ಮೇಲೆ ಹೊಲಿಗೆಯೂ ಒಂದು ಅಲಂಕಾರ.

ಎರಡನೆಯ ಕೌದಿಯನ್ನು ಅತ್ತೆಯ ಮಂಚದ ಮೇಲೆ ಹರಡಿದಾಗ ಕನ್ನಡಕ ದೇವರ ಕೋಣೆಯಲ್ಲಿತ್ತು. ಅವರು ಬಗ್ಗಿ, ಮೂರನೆಯ ಸಾಲಿನ ಕೆನೆ ಬಣ್ಣದ ಚೌಕದ ಮೇಲೆ ನೇರವಾಗಿ ಬೆರಳಿಟ್ಟು, "ಇದು ನಿಮ್ಮವ್ವನ ಸೀರಿ ಅಲ್ಲೇನ?" ಅಂದರು. ಹೌದು, ಅದೇ.