ಪ್ಲೇಸ್‌ಮೆಂಟ್ ಪರೀಕ್ಷೆಗೆ ಹೊರಟವಳಿಗೆ

ಪುಟ್ಟೀ,

ಕಮ್ಯುನಿಟಿ ಕಾಲೇಜಿನ ಪ್ಲೇಸ್‌ಮೆಂಟ್ ಪರೀಕ್ಷೆಗೆ ಹೆಸರು ಕೊಟ್ಟಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದ ಧಾಟಿ ಕೇಳಿದರೆ ನಾಳೆಯೇ ಸಿಇಟಿ ರ‍್ಯಾಂಕು ಬರುವ ಹಾಗಿತ್ತು. ಅವಳನ್ನು ದೂರಬೇಡ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಎಂದು ಒಂದರ ಹಿಂದೊಂದು ದಾಟಿ ಬಂದ ನಮಗೆಲ್ಲ ಪರೀಕ್ಷೆ ಅಂದರೆ ಪಾಸು, ಇಲ್ಲವೇ ಡುಮ್ಕಿ. ಹಾಸನದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದ ನಿನ್ನ ದೊಡ್ಡಮ್ಮನಿಗೂ ಆ ಜ್ವರ ಪೂರ್ತಿ ಬಿಟ್ಟಿಲ್ಲ.

ಆದರೆ ನಿನ್ನನ್ನು ಯಾವ ಕ್ಲಾಸಿನಲ್ಲಿ ಕೂರಿಸಬೇಕು ಎಂದು ನೋಡುವ ಈ ಪರೀಕ್ಷೆ ಟೈಲರ್ ಹತ್ತಿರ ಅಳತೆ ಕೊಟ್ಟ ಹಾಗೆ. ಟೇಪು ಯಾರನ್ನೂ ಫೇಲು ಮಾಡುವುದಿಲ್ಲ. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ನಿಂತರೆ ಮಾತ್ರ, ರವಿಕೆ ಹೊಲಿದು ಬಂದ ಮೇಲೆ ಕೈ ಎತ್ತುವುದಕ್ಕೂ ಆಗುವುದಿಲ್ಲ.

ಹಾಗೆಂದು ಏನೂ ಓದದೆ ಹೋಗಬೇಡ. ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ನಿಮ್ಮ ವಾಷಿಂಗ್ಟನ್ ರಾಜ್ಯ 1990ರಲ್ಲಿ ರನ್ನಿಂಗ್ ಸ್ಟಾರ್ಟ್ ಕಾನೂನು ತಂದಿದ್ದರಿಂದಲೇ ನಿನ್ನಂಥ 11, 12ನೇ ಕ್ಲಾಸಿನ ಮಕ್ಕಳು ಬೋಧನಾ ಶುಲ್ಕ ಕಟ್ಟದೆ ಕಾಲೇಜಿನಲ್ಲಿ ಕೂರುವುದು. ನಿನ್ನ ಹಾಗೆ ಶಾಲೆಗೆ ಹೋಗದೆ ಮನೆಯಲ್ಲೇ ಓದಿದವರೂ ಸ್ಕೂಲ್ ಡಿಸ್ಟ್ರಿಕ್ಟಿನ ಕಾಗದಪತ್ರ ಮಾಡಿಸಿಕೊಂಡು ಸೇರಬಹುದು. ಆದರೆ 100ಕ್ಕಿಂತ ಕೆಳಗಿನ ಸಂಖ್ಯೆಯ ಕೋರ್ಸುಗಳಿಗೆ ಸಾಮಾನ್ಯವಾಗಿ ಈ ವಿನಾಯಿತಿ ಇಲ್ಲ. ಮರೆತುಹೋದ ಭಿನ್ನರಾಶಿಯ ದೆಸೆಯಿಂದ ಕೆಳಗಿನ ಗಣಿತಕ್ಕೆ ಬಿದ್ದೆ ಅಂದುಕೋ, ನಿನ್ನಪ್ಪ ಶುಲ್ಕ ಕಟ್ಟಬೇಕು, ನಿನ್ನದೊಂದು ಕ್ವಾರ್ಟರ್ ಹೋಗಬೇಕು, ಡಿಗ್ರಿಗೆ ಸೇರುವ ಕ್ರೆಡಿಟ್ಟೂ ಸಿಗುವುದಿಲ್ಲ.

ಕಾಲೇಜಿನವರು ಯಾವ ಪರೀಕ್ಷೆ ಕೊಡುತ್ತಾರೆ ಎಂದು ಮೊದಲು ಕೇಳಿಕೊ. ಅಕ್ಯುಪ್ಲೇಸರ್ ಆದರೆ ಗಡಿಯಾರದ ಗಡಿಬಿಡಿ ಇಲ್ಲ. ಗಣಿತದ ಒಂದೊಂದು ವಿಭಾಗಕ್ಕೂ 20 ಪ್ರಶ್ನೆ, ಅಂಕ 200ರಿಂದ 300ರ ಒಳಗೆ. ನೀನು ಸರಿ ಉತ್ತರ ಕೊಟ್ಟಂತೆ ಮುಂದಿನ ಪ್ರಶ್ನೆ ಗಟ್ಟಿಯಾಗುತ್ತದೆ, ತಪ್ಪಿದರೆ ಸಲೀಸಾಗುತ್ತದೆ. ದಾಟಿಬಂದ ಪ್ರಶ್ನೆಗೆ ವಾಪಸ್ಸು ಹೋಗುವ ಹಾಗಿಲ್ಲ. ಸುಲಭದ್ದನ್ನೆಲ್ಲ ಮೊದಲು ಮುಗಿಸು ಎಂದು ನಾನು ಜೀವಮಾನವಿಡೀ ಮಕ್ಕಳಿಗೆ ಹೇಳಿದ ಉಪಾಯ ಇಲ್ಲಿ ನಡೆಯುವುದಿಲ್ಲ. ನಿನ್ನ ಕ್ಯಾಲ್ಕುಲೇಟರನ್ನೂ ಬಿಡುವುದಿಲ್ಲ, ಬೇಕಾದ ಪ್ರಶ್ನೆಗೆ ಮಾತ್ರ ಪರದೆಯ ಮೇಲೆ ಅವರೇ ಒಂದು ಕೊಡುತ್ತಾರೆ. ಅಭ್ಯಾಸಕ್ಕೆ ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನವರೇ ಪುಕ್ಕಟೆ ಪ್ರಶ್ನೆಗಳನ್ನು ಇಟ್ಟಿದ್ದಾರೆ, ದುಡ್ಡು ಕೊಟ್ಟು ಕೋಚಿಂಗ್ ಹುಡುಕುವುದು ಬೇಡ.

ಅಲೆಕ್ಸ್ ಆದರೆ ಗಣಿತ ಮಾತ್ರ, ಹೆಚ್ಚೆಂದರೆ 30 ಪ್ರಶ್ನೆ. ಅದರಲ್ಲಿ ‘ನನಗೆ ಗೊತ್ತಿಲ್ಲ’ ಎನ್ನುವ ಬಟನ್ ಇದೆ. ನನಗೆ ಬಹಳ ಹಿಡಿಸಿದ ಬಟನ್ ಅದು. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಅಂಥದ್ದೊಂದು ಇದ್ದಿದ್ದರೆ ಎಷ್ಟೋ ಮಕ್ಕಳು ಬಾಯಿಪಾಠ ಮಾಡಿ ಸಾಯುವುದು ತಪ್ಪುತ್ತಿತ್ತು. ಕೆಲವು ಕಾಲೇಜುಗಳು ಇದನ್ನು ಮನೆಯಲ್ಲೇ ಬರೆಯಲು ಬಿಡುತ್ತವೆ. ಆಗ ನಿನ್ನಪ್ಪನನ್ನು ಅಂಗಡಿಗೆ ಕಳಿಸು. ಪಕ್ಕದಲ್ಲಿ ಕೂತರೆ ಅವನ ಬಾಯಿ ಸುಮ್ಮನಿರದು. ಅವನ ಪುಣ್ಯದಿಂದ ನಿನಗೆ ಕ್ಯಾಲ್ಕುಲಸ್ ಕ್ಲಾಸೇ ಸಿಕ್ಕೀತು, ಅಲ್ಲಿ ಕ್ವಾರ್ಟರ್ ಪೂರ್ತಿ ಒದ್ದಾಡಬೇಕಾದವಳು ನೀನು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಮೊನ್ನೆ ವಿಡಿಯೋದಲ್ಲಿ ಲೆಕ್ಕ ಮಾಡುವಾಗ 7 − (x − 5) ಎನ್ನುವುದನ್ನು 2 − x ಎಂದು ಬರೆದೆ. ನಿನ್ನಮ್ಮ ಹುಬ್ಬು ಏರಿಸಿದ ತಕ್ಷಣ ಅಳಿಸಿ 12 − x ಎಂದು ತಿದ್ದಿದೆ. ಆವರಣದ ಮುಂದೆ ಮೈನಸ್ ಇದ್ದರೆ ಒಳಗಿನ ಚಿಹ್ನೆಗಳೆಲ್ಲ ಬದಲಾಗುತ್ತವೆ ಎಂಬುದು ನಿನಗೆ ಗೊತ್ತಿಲ್ಲದ್ದಲ್ಲ. ಆದರೆ ತಪ್ಪನ್ನು ನೀನು ಹಾಳೆಯಲ್ಲಿ ಹುಡುಕಲಿಲ್ಲ, ಅಮ್ಮನ ಮುಖದಲ್ಲಿ ಹುಡುಕಿದೆ. ಮನೆಯಲ್ಲಿ ಓದಿದ ಮಕ್ಕಳಿಗೆ ಅಂಟಿಕೊಳ್ಳುವ ಚಾಳಿ ಇದು. ಗಂಟೆ ಹೊಡೆಯುವ ಭಯವಿಲ್ಲದೆ, ಅರ್ಥವಾಗುವ ತನಕ ಒಂದೇ ಪಾಠದ ಮೇಲೆ ಕೂರುವ ಭಾಗ್ಯ ನಿನಗೆ ಸಿಕ್ಕಿತು. ಅದರ ಜೊತೆಗೇ ಬಂದದ್ದು ಈ ಚಾಳಿ. ಪರೀಕ್ಷಾ ಕೇಂದ್ರದಲ್ಲಿ ಹುಬ್ಬು ಏರಿಸುವವರು ಯಾರೂ ಇರುವುದಿಲ್ಲ. ಈಗಿನಿಂದಲೇ ಬೇರೆ ಕೋಣೆಯಲ್ಲಿ ಕೂತು ಲೆಕ್ಕ ಮಾಡು. ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೀನೇ ತಾಳೆ ನೋಡು.

ಅಂಕ ಕಡಿಮೆ ಬಂದರೆ ಅದೇ ಬ್ರಹ್ಮಲಿಪಿ ಅಂದುಕೊಳ್ಳಬೇಡ. ಕಂಪಾಸ್ ಎಂಬ ಇಂಥದೇ ಪರೀಕ್ಷೆಯನ್ನು ಅಮೆರಿಕದ ತುಂಬ ಕಾಲೇಜುಗಳು ನಂಬಿಕೊಂಡಿದ್ದವು. ಈ ಪರೀಕ್ಷೆಗಳು ಓದಬಲ್ಲ ಎಷ್ಟೋ ಮಕ್ಕಳನ್ನು ಕೆಳಗಿನ ಕ್ಲಾಸಿಗೆ ತಳ್ಳುತ್ತಿವೆ, ಹೈಸ್ಕೂಲಿನ ಅಂಕವೇ ಇವಕ್ಕಿಂತ ವಾಸಿ ಎಂದು 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. 2016ರಲ್ಲಿ ಕಂಪಾಸ್ ಅಂಗಡಿ ಮುಚ್ಚಿತು. ಮರುವರ್ಷ ಕ್ಯಾಲಿಫೋರ್ನಿಯಾ ಕಾನೂನೇ ಮಾಡಿ ಹೈಸ್ಕೂಲಿನ ದಾಖಲೆಗೆ ಬೆಲೆ ಕೊಟ್ಟಿತು. ನಿನ್ನ ತೊಡಕು ಏನೆಂದರೆ, ನಿನ್ನ ಹೈಸ್ಕೂಲಿನ ಅಂಕಪಟ್ಟಿ ಬರೆದವಳು ನಿನ್ನಮ್ಮ. ಎಲ್ಲ ಕಾಲೇಜುಗಳೂ ಅದಕ್ಕೆ ಒಂದೇ ತೂಕ ಕೊಡುವುದಿಲ್ಲ. ಹಾಗಾಗಿ ಓದಿದ ಪುಸ್ತಕಗಳ ಪಟ್ಟಿ, ಬರೆದ ಪ್ರಬಂಧಗಳು, ಲೆಕ್ಕದ ನೋಟುಬುಕ್ಕು ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟುಕೊ. ಅಳತೆ ತಪ್ಪಿದೆ ಅನ್ನಿಸಿದರೆ ಸಲಹೆಗಾರರ ಮುಂದೆ ಅದನ್ನಿಟ್ಟು ಮಾತಾಡು. ಮರುಪರೀಕ್ಷೆಗೆ ಎಷ್ಟು ದಿನ ಕಾಯಬೇಕೆಂದೂ ಕೇಳು. ಕೆಳಗಿನ ಕ್ಲಾಸೇ ಸರಿ ಎಂದು ನಿನ್ನ ಮನಸ್ಸೂ ಒಪ್ಪಿದರೆ ಮಾತ್ರ ಹಟ ಮಾಡದೆ ಅಲ್ಲೇ ಕೂರು. ಕಾಲೇಜಿನಲ್ಲಿ ಬಿದ್ದ ಗ್ರೇಡು ಮುಂದೆ ವಿಶ್ವವಿದ್ಯಾಲಯಕ್ಕೂ ನಿನ್ನ ಹಿಂದೆಯೇ ಬರುತ್ತದೆ.

ಫೋಟೋ ಇರುವ ಗುರುತಿನ ಚೀಟಿ ಮರೆಯಬೇಡ. ಶಾಲೆಯ ಐಡಿ ನಿನ್ನ ಹತ್ತಿರ ಇಲ್ಲವಲ್ಲ, ಪಾಸ್‌ಪೋರ್ಟ್ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಬಿಡು.

ಕಡೆಯದಾಗಿ, ಫೆರ್ಪಾ ಎಂಬ 1974ರ ಕಾನೂನಿನ ಪ್ರಕಾರ ಕಾಲೇಜಿಗೆ ಸೇರಿದವಳ ದಾಖಲೆಯ ಹಕ್ಕು ಅವಳದೇ, ವಯಸ್ಸು ಹದಿನಾರಾದರೂ ಸರಿ. ನಿನ್ನ ಅಂಕ ಕೇಳಿ ಅಮ್ಮ ಫೋನು ಮಾಡಿದರೆ, ನಿನ್ನ ಒಪ್ಪಿಗೆ ಇಲ್ಲದೆ ಅವರು ಸಾಮಾನ್ಯವಾಗಿ ಹೇಳುವುದಿಲ್ಲ. ಇನ್ನು ಈ ವ್ಯವಹಾರವೆಲ್ಲ ನಿನ್ನದೇ, ಆದ್ದರಿಂದ ಪರೀಕ್ಷೆಯ ದಿನ ಗೊತ್ತುಮಾಡುವ ಇಮೇಲನ್ನು ಇವತ್ತೇ ನೀನೇ ಬರೆದು ಕಳಿಸು.

ನಿನ್ನ ದೊಡ್ಡಮ್ಮ