ವಸೂಲಾತಿಯ ಸರಾಸರಿ ದಿನಗಳು: ವರ್ಗಾಂತರ ಪಟ್ಟಿಯಿಂದ ಲೆಕ್ಕ ಹಾಕುವ ಕ್ರಮ

ದುಡಿಯುವ ಬಂಡವಾಳದ ಸಾಲ ಕೋರಿ ಬ್ಯಾಂಕಿಗೆ ಹೋದ ಉದ್ದಿಮೆದಾರನಿಗೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಒಂದು, ಉದ್ದರಿ ಮಾರಾಟದ ಹಣ ಎಷ್ಟು ದಿನಗಳಲ್ಲಿ ಕೈಸೇರುತ್ತದೆ ಎಂಬುದು. ಪ್ರತಿ ಬಿಲ್ಲಿನ ವಿವರ ಲಭ್ಯವಿದ್ದರೆ ಸರಾಸರಿ ನೇರವಾಗಿ ದೊರೆಯುತ್ತದೆ. ಆದರೆ ಅನೇಕ ವೇಳೆ ಮೇಜಿನ ಮೇಲಿರುವುದು ದಿನಗಳನ್ನು ಗುಂಪು ಮಾಡಿದ ಒಂದು ಪಟ್ಟಿ ಮಾತ್ರ.

ಒಂದು ಸಣ್ಣ ತಯಾರಿಕಾ ಘಟಕದ 80 ಬಿಲ್ಲುಗಳು ವಸೂಲಾದ ಬಗೆ ಹೀಗಿದೆಯೆಂದು ಭಾವಿಸೋಣ: 15 ದಿನಗಳೊಳಗೆ 10, 15ರಿಂದ 30ರೊಳಗೆ 22, 30ರಿಂದ 45ರೊಳಗೆ 26, 45ರಿಂದ 60ರೊಳಗೆ 12, 60ರಿಂದ 120ರೊಳಗೆ 10. ಮೇಲಿನ ಮಿತಿಯ ದಿನವು ಆಯಾ ವರ್ಗಾಂತರಕ್ಕೇ ಸೇರಿದೆ.

ಮೊದಲು ಚಿತ್ರ. ಕಾರ್ಲ್ ಪಿಯರ್ಸನ್ 1890ರ ದಶಕದಲ್ಲಿ ಹಿಸ್ಟೋಗ್ರಾಂ ಎಂದು ಹೆಸರಿಟ್ಟ ಈ ಸ್ತಂಭಚಿತ್ರದಲ್ಲಿ ಬಿಲ್ಲುಗಳ ಸಂಖ್ಯೆಯನ್ನು ಸೂಚಿಸುವುದು ಸ್ತಂಭದ ಎತ್ತರವಲ್ಲ, ವಿಸ್ತೀರ್ಣ. ಕೊನೆಯ ವರ್ಗಾಂತರದ ಅಗಲ 60 ದಿನ, ಅಂದರೆ ಉಳಿದವುಗಳ ನಾಲ್ಕು ಪಟ್ಟು. ಆದುದರಿಂದ ಅದರ ಎತ್ತರ 10 ಅಲ್ಲ, 2.5. ಹತ್ತು ಎಂದೇ ಬರೆದರೆ ಆ ಸ್ತಂಭವು 40 ಬಿಲ್ಲುಗಳಷ್ಟು ಜಾಗ ಆಕ್ರಮಿಸಿ, ಘಟಕದ ಅರ್ಧ ಹಣ ಬಾಕಿಯಲ್ಲಿ ಸಿಲುಕಿದೆಯೆಂಬ ಭಾವನೆ ಮೂಡಿಸುತ್ತದೆ. ವಾರ್ಷಿಕ ವರದಿಗಳ ಬಣ್ಣದ ಚಿತ್ರಗಳಲ್ಲಿಯೂ ಈ ದೋಷ ಅಪರೂಪವಲ್ಲ.

ಸರಾಸರಿಗಾಗಿ ಪ್ರತಿ ವರ್ಗಾಂತರದ ಬಿಲ್ಲುಗಳೆಲ್ಲವೂ ಅದರ ಮಧ್ಯಬಿಂದುವಿನಲ್ಲಿ ವಸೂಲಾದವೆಂದು ಊಹಿಸಲಾಗುತ್ತದೆ. ಮಧ್ಯಬಿಂದುಗಳು 7.5, 22.5, 37.5, 52.5 ಮತ್ತು 90. ಇವುಗಳನ್ನು ಬಿಲ್ಲುಗಳ ಸಂಖ್ಯೆಯಿಂದ ಗುಣಿಸಿ ಕೂಡಿದರೆ 3,075; ಅದನ್ನು 80ರಿಂದ ಭಾಗಿಸಿದರೆ 38.4 ದಿನ. ದುಡಿಯುವ ಬಂಡವಾಳದ ದೃಷ್ಟಿಯಿಂದ ಸಂಖ್ಯೆಯ ಬದಲು ಬಿಲ್ಲುಗಳ ಮೊತ್ತವನ್ನೇ ತೂಕವಾಗಿ ಬಳಸುವುದು ಹೆಚ್ಚು ಸಮಂಜಸ. ಕ್ರಮ ಮಾತ್ರ ಇದೇ.

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ 15ನೇ ಕಲಮಿನಂತೆ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಖರೀದಿದಾರನು ಹಣ ಕೊಡುವ ಅವಧಿಯು, ಲಿಖಿತ ಒಪ್ಪಂದವಿದ್ದರೂ, ಸರಕನ್ನು ಅಂಗೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಸರಾಸರಿ 38.4 ಎಂದು ಕಂಡ ಮಾಲೀಕನು ನಿಶ್ಚಿಂತನಾಗಬಹುದು. ಆದರೆ ಪಟ್ಟಿಯಲ್ಲಿ 22 ಬಿಲ್ಲುಗಳು, ಅಂದರೆ ಶೇಕಡಾ 27.5ರಷ್ಟು, 45 ದಿನಗಳನ್ನು ದಾಟಿವೆ.

ಈ ಹರವನ್ನು ಅಳೆಯುವುದು ವೇರಿಯನ್ಸ್, ಅಂದರೆ ಸರಾಸರಿಯಿಂದ ಇರುವ ಅಂತರಗಳ ವರ್ಗಗಳ ಸರಾಸರಿ. ಸುಲಭ ಮಾರ್ಗವೆಂದರೆ ಮಧ್ಯಬಿಂದುಗಳ ವರ್ಗಗಳನ್ನು ಬಿಲ್ಲುಗಳ ಸಂಖ್ಯೆಯಿಂದ ಗುಣಿಸಿ ಕೂಡುವುದು. ಮೊತ್ತ 1,62,337.5, 80ರಿಂದ ಭಾಗಿಸಿದರೆ 2,029.2, ಇದರಿಂದ ಸರಾಸರಿಯ ವರ್ಗವಾದ 1,477.4ನ್ನು ಕಳೆದರೆ 551.8. ವರ್ಗಮೂಲ 23.5 ದಿನ, ಇದೇ ಮಾನಕ ವಿಚಲನೆ. ಈ ಬಿಲ್ಲುಗಳು ದೊಡ್ಡ ಸಮೂಹವೊಂದರ ಮಾದರಿ ಮಾತ್ರವಾಗಿದ್ದರೆ ಛೇದದಲ್ಲಿ 79 ಬರಬೇಕು. ಆಗ ವೇರಿಯನ್ಸ್ 558.8.

ಗಮನಿಸಬೇಕಾದ ಅಂಶ ಇನ್ನೊಂದಿದೆ. ಒಟ್ಟು ವೇರಿಯನ್ಸಿನ ಐದರಲ್ಲಿ ಮೂರು ಪಾಲು ಬಂದಿರುವುದು ಕೊನೆಯ ಹತ್ತು ಬಿಲ್ಲುಗಳಿಂದಲೇ. ಮಧ್ಯಬಿಂದುವಿನ ಊಹೆ ಅತ್ಯಂತ ದುರ್ಬಲವಾಗಿರುವುದೂ ಅಲ್ಲಿಯೇ. ಅವು 90ರ ಬದಲು 75 ದಿನಗಳಲ್ಲಿ ವಸೂಲಾಗಿದ್ದರೆ ಸರಾಸರಿ 36.6ಕ್ಕೆ, ಮಾನಕ ವಿಚಲನೆ 19.6ಕ್ಕೆ ಇಳಿಯುತ್ತದೆ. ಎಂಬತ್ತು ಬಿಲ್ಲುಗಳನ್ನೂ ಹುಡುಕಬೇಕಿಲ್ಲ. ಈ ಹತ್ತನ್ನು ಮಾತ್ರ ಖಾತೆ ಪುಸ್ತಕದಿಂದ ತೆಗೆದು ನಿಜವಾದ ದಿನಗಳನ್ನು ಬಳಸಿದರೆ ಅಂದಾಜು ಬಹುಪಾಲು ಸರಿಹೋಗುತ್ತದೆ.

ಕಂಪನಿಗಳಿಗೆ ತೊಡಕು ಇನ್ನೂ ಹೆಚ್ಚು. ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ 2021ರ ಮಾರ್ಚಿನಲ್ಲಿ ಆದ ತಿದ್ದುಪಡಿಯಂತೆ, ಬರಬೇಕಾದ ಬಾಕಿಗಳನ್ನು ಪಾವತಿಯ ಗಡುವಿನಿಂದ ಎಣಿಸಿ ಆರು ತಿಂಗಳೊಳಗೆ, ಆರು ತಿಂಗಳಿಂದ ಒಂದು ವರ್ಷ, ಒಂದರಿಂದ ಎರಡು, ಎರಡರಿಂದ ಮೂರು, ಮೂರು ವರ್ಷಕ್ಕೂ ಹೆಚ್ಚು ಎಂದು ತೋರಿಸಬೇಕು. ಕೊನೆಯ ಗುಂಪಿಗೆ ಮೇಲಿನ ಮಿತಿಯೇ ಇಲ್ಲದ್ದರಿಂದ ಮಧ್ಯಬಿಂದುವೂ ಇಲ್ಲ. ಅಲ್ಲಿ ಸರಾಸರಿಗಿಂತ ಮಧ್ಯಾಂಕವೇ ಸುರಕ್ಷಿತ. ನಮ್ಮ ಘಟಕದ ಪಟ್ಟಿಯಲ್ಲಿ 40ನೇ ಬಿಲ್ಲು 30ರಿಂದ 45ರ ವರ್ಗಾಂತರದಲ್ಲಿ ಬೀಳುತ್ತದೆ. ಅದಕ್ಕೆ ಹಿಂದಿನ 32 ಬಿಲ್ಲುಗಳನ್ನು ಕಳೆದು ಉಳಿದ 8ನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 30ಕ್ಕೆ ಕೂಡಿದರೆ 34.6 ದಿನ. ಕೊನೆಯ ಹತ್ತು ಬಿಲ್ಲುಗಳು 120 ದಿನಗಳ ಬದಲು ಮೂರು ವರ್ಷ ಎಳೆದರೂ ಈ ಅಂಕಿ ಬದಲಾಗದು.